ಕೆಂಪು ಧೂಳಿನ ಪೇಟೆಯಲ್ಲಿ ಒಂದು ರಾತ್ರಿ

ಬೆಟ್ಟವನ್ನು ಕಾಣಹೊರಟವರು ಮೊದಲು ಬಯಲಿನ ಪೇಟೆಯಲ್ಲಿ ಒಂದು ರಾತ್ರಿ ತಂಗಬೇಕಾಗುವುದು ಲೋಕರೂಢಿ. ಅಮೆರಿಕದಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಗೆ ಹೋಗುವವರಲ್ಲಿ ಅನೇಕರು ಲಾಸ್ ವೇಗಸ್ ಎಂಬ ಜೂಜಿನ ನಗರದಲ್ಲಿ ಇಳಿದು ಮುಂದೆ ಸಾಗುತ್ತಾರೆ. ಉದ್ಯೋಗನಿಮಿತ್ತ ಆ ದೇಶಕ್ಕೆ ಹೋಗಿದ್ದ ನನ್ನ ಮಗನೂ ಹಾಗೆಯೇ ಮಾಡಿದ್ದನು. 2007ರ ಡಿಸೆಂಬರಿನಲ್ಲಿ ನಾವು ಮನೆಮಂದಿ ಐವರು ಹಂಪಿ ಮತ್ತು ಸಂಡೂರಿನ ಬೆಟ್ಟಗಳನ್ನು ಹತ್ತಲೆಂದು ಹೊರಟು ಹೊಸಪೇಟೆಯಲ್ಲಿ ತಂಗಿದೆವು. ಆ ರಾತ್ರಿ ಹೋಟೆಲಿನ ಕಿಟಕಿಯಿಂದ ಹೊರಗೆ ನೋಡುತ್ತ ಅವನು, "ಅಪ್ಪಾ, ಇದು ನಮ್ಮ ಲಾಸ್ ವೇಗಸ್" ಎಂದನು.

ನನಗೆ ಪರಿಚಯವಿದ್ದ ಹೊಸಪೇಟೆ ಅದಲ್ಲ. ಕಂಪ್ಲಿಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನವನ್ನು ಬೋಧಿಸುತ್ತಿದ್ದ ದಿನಗಳಲ್ಲಿ ನಾನು ಬಸ್ಸಿನಲ್ಲಿ ಬಂದು ಇಳಿಯುತ್ತಿದ್ದ ಹೊಸಪೇಟೆಯಲ್ಲಿ ಕಬ್ಬಿನ ಗಾಡಿಗಳು, ಬಾಳೆಗೊನೆಗಳ ರಾಶಿ, ಒಗ್ಗರಣೆ ಮಂಡಕ್ಕಿಯೊಡನೆ ಬಿಸಿ ಮಿರ್ಚಿ ಕೊಡುವ ಸಣ್ಣ ಹೋಟೆಲುಗಳು ಇದ್ದವು. ಈಗ ಕಂಡದ್ದು ಗಾಜಿನ ಕಟ್ಟಡಗಳು, ಬಣ್ಣಬಣ್ಣದ ದೀಪಗಳು, ಹೋಟೆಲಿನ ಮುಂದೆ ಸಾಲುಗಟ್ಟಿದ ವಿದೇಶಿ ಕಾರುಗಳು. ಆ ಕಾರುಗಳ ಮೇಲೆಲ್ಲ ತೆಳುವಾದ ಕೆಂಪು ಧೂಳು. ಗಣಿಧಣಿಗಳು ಹೆಲಿಕಾಪ್ಟರಿನಲ್ಲಿ ಓಡಾಡುವ ಸುದ್ದಿಯನ್ನು ಕೋಣೆಗೆ ನೀರು ತಂದಿಟ್ಟ ಹುಡುಗನೂ ಹೆಮ್ಮೆಯಿಂದಲೇ ಹೇಳಿದನು.

ಈ ವೈಭವದ ಮೂಲ ಸಂಡೂರಿನ ಬೆಟ್ಟಗಳಲ್ಲಿತ್ತು. ಚೀನಾ ದೇಶದಲ್ಲಿ ಉಕ್ಕಿನ ಹಸಿವು ಏರಿದಂತೆ, 2003ರ ನಂತರ ಕಬ್ಬಿಣದ ಅದಿರಿನ ಬೆಲೆಯೂ ಏರಿತು. ಗುತ್ತಿಗೆಯ ಗಣಿಗಳಲ್ಲಷ್ಟೇ ಅಲ್ಲ, ರೈತರ ಪಟ್ಟಾ ಭೂಮಿಗಳಲ್ಲಿಯೂ ಮೇಲ್ಮಣ್ಣನ್ನು ಕೆದಕಿ ಅದಿರನ್ನು ಆರಿಸತೊಡಗಿದರು. ಜೋಳ ಬೆಳೆಯುತ್ತಿದ್ದ ನೆಲವು ಹೊಂಡವಾಯಿತು. ಬೇಲೆಕೇರಿಯಂಥ ಬಂದರುಗಳಿಗೆ ಹಗಲಿರುಳೂ ಲಾರಿಗಳು ಹರಿದವು.

ಆ ಸಂಜೆ ನನ್ನನ್ನು ಕಾಣಲು ಕಂಪ್ಲಿಯ ಹಳೆಯ ಶಿಷ್ಯನೊಬ್ಬನು ಬಂದಿದ್ದನು. ನಕ್ಷೆ ಬಿಡಿಸುವುದರಲ್ಲಿ ಅವನಿಗೆ ಸಮಾನರಾದವರು ತರಗತಿಯಲ್ಲಿರಲಿಲ್ಲ. ಶಿಕ್ಷಕರ ತರಬೇತಿಗೆ ಸೇರಿದವನು ನಡುವೆಯೇ ಬಿಟ್ಟು, ತಂದೆಯ ಎರಡು ಎಕರೆ ಗದ್ದೆಯನ್ನು ಅಡವಿಟ್ಟು, ಸಾಲದಲ್ಲಿ ಲಾರಿ ಕೊಂಡಿದ್ದನು.

"ಮೇಷ್ಟ್ರಾಗಿ ಹತ್ತು ವರ್ಷಕ್ಕ ದುಡಿಯೋದನ್ನ ಇಲ್ಲಿ ಎರಡು ವರ್ಷಕ್ಕ ದುಡೀತೀನಿ ಸಾರ್. ಮಣ್ಣಿಗೆ ರೇಟು ಬಂದೈತಿ" ಎಂದನು.

"ರೇಟು ಇಳಿದರೆ?" ಎಂದೆ.

ಅವನು ನಕ್ಕು, ನನ್ನ ಮೊಮ್ಮಗಳ ಕೈಯಲ್ಲಿ ನೂರರ ನೋಟೊಂದನ್ನು ಇಟ್ಟು, ನಮಸ್ಕರಿಸಿ ಹೊರಟುಹೋದನು.

ಮರುದಿನ ನಸುಕಿನಲ್ಲಿ ಮಾತಂಗ ಪರ್ವತವನ್ನು ಹತ್ತಿದೆವು. ಮೆಟ್ಟಿಲುಗಳು ಕಡಿದು; ನನ್ನ ಮೊಣಕಾಲಿಗೆ ಮೊಮ್ಮಗಳ ಹೆಗಲೇ ಊರುಗೋಲಾಯಿತು. ಸೂರ್ಯೋದಯವಾದಾಗ ಒಂದು ಕಡೆ ವಿರೂಪಾಕ್ಷನ ಗೋಪುರ, ಇನ್ನೊಂದು ಕಡೆ ಅಚ್ಯುತರಾಯನ ಗುಡಿ, ಅದರ ಮುಂದೆ ಉದ್ದಕ್ಕೂ ಚಾಚಿದ ಬರಿದಾದ ಪೇಟೆಯ ಬೀದಿ ಬೆಳಗಿದವು. ಸುಮಾರು 1520ರಲ್ಲಿ ಈ ರಾಜಧಾನಿಗೆ ಬಂದಿದ್ದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್, ಇಲ್ಲಿನ ಪೇಟೆಯಲ್ಲಿ ಮಾಣಿಕ್ಯ, ವಜ್ರ, ಮುತ್ತುಗಳು ಮಾರಾಟವಾಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ನಾವು ತಂಗಿದ್ದ ಹೊಸಪೇಟೆಯೂ ಕೃಷ್ಣದೇವರಾಯನು ನಾಗಲಾದೇವಿಯ ಹೆಸರಿನಲ್ಲಿ ಕಟ್ಟಿಸಿದ ನಾಗಲಾಪುರವೆಂದು ಪ್ರತೀತಿ. 1565ರ ಯುದ್ಧದ ನಂತರ ರಾಜಧಾನಿ ಹಾಳಾಯಿತು.

"ತಾತ, ಆ ಅಂಗಡಿಯವರೆಲ್ಲ ಎಲ್ಲಿಗೆ ಹೋದರು?" ಎಂದು ಮೊಮ್ಮಗಳು ಕೇಳಿದಳು. ಮೂವತ್ತು ವರ್ಷ ಇತಿಹಾಸವನ್ನು ಪಾಠ ಮಾಡಿದ್ದೆ. ಅರಸರು ಎಲ್ಲಿಗೆ ಹೋದರೆಂಬುದನ್ನು ಪುಸ್ತಕಗಳು ಹೇಳುತ್ತವೆ, ಅಂಗಡಿಯವರ ವಿಷಯವನ್ನು ಹೇಳುವುದಿಲ್ಲ.

ಸಂಡೂರಿನ ದಾರಿಯಲ್ಲಿ ಲಾರಿಗಳ ಸಾಲಿನ ಹಿಂದೆ ಮೂರು ತಾಸು ನಿಂತೆವು. ದಾರಿಬದಿಯ ಬೇವಿನ ಎಲೆಗಳು ಹಸಿರನ್ನೇ ಮರೆತಿದ್ದವು. ಆದರೆ ಸ್ವಾಮಿಮಲೆಯ ಕಾಡಿನೊಳಕ್ಕೆ ಸಾಗಿದಂತೆ ಗಾಳಿ ತಂಪಾಯಿತು. ಕುಮಾರಸ್ವಾಮಿಯ ಪುರಾತನ ದೇಗುಲದ ಅಂಗಳದಲ್ಲಿ ಕುಳಿತು ಬುತ್ತಿ ಬಿಚ್ಚಿದಾಗ ಎಲ್ಲೋ ದೂರದಲ್ಲಿ ಸಿಡಿಮದ್ದಿನ ಸದ್ದು ಕೇಳಿಸಿತು. ಹಕ್ಕಿಗಳು ಒಮ್ಮೆಲೇ ಸುಮ್ಮನಾದವು. ನನ್ನ ಹೆಂಡತಿ ಕೈತುತ್ತನ್ನು ಹಾಗೆಯೇ ಹಿಡಿದು, "ದೇವರ ಬುಡವನ್ನೂ ಅಗೆಯುತ್ತಾರೇನೋ" ಎಂದಳು.

2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿಯನ್ನು ಸಲ್ಲಿಸಿದರು. ಎರಡೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅದು ಆಗಲೇಬೇಕಾಗಿದ್ದ ಕಾರ್ಯ. 2013ರಲ್ಲಿ ನಿಯಮಗಳಿಗೆ ಒಳಪಟ್ಟು ಗಣಿಗಳು ಮತ್ತೆ ತೆರೆಯುವಷ್ಟರಲ್ಲಿ ಸಾಲದ ಲಾರಿಗಳು ಸಾಲಾಗಿ ನಿಂತು ತುಕ್ಕು ಹಿಡಿದಿದ್ದವು. ನನ್ನ ಶಿಷ್ಯನ ಲಾರಿಯನ್ನು ಸಾಲ ಕೊಟ್ಟವರು ಎಳೆದೊಯ್ದರು. ಜೂಜುಕಟ್ಟೆಯಲ್ಲಿ ಆಟಗಾರರು ಬದಲಾಗುತ್ತಾರೆ, ಕಟ್ಟೆಯ ಯಜಮಾನ ಬದಲಾಗುವುದಿಲ್ಲವೆನ್ನುತ್ತಾರೆ. ಇಲ್ಲಿಯೂ ಗೆದ್ದವರು ಗೆದ್ದ ಹಣದೊಡನೆ ಎದ್ದುಹೋದರು. ಅಡವಿಟ್ಟವರು ಇಲ್ಲಿಯೇ ಉಳಿದರು.

ಅಡವಿನ ಗದ್ದೆಯನ್ನು ಬಿಡಿಸಿಕೊಳ್ಳಲು ಅವನಿಗೆ ಎಂಟು ವರ್ಷ ಹಿಡಿಯಿತು. ಈಗ ಕಂಪ್ಲಿಯಲ್ಲಿ ಭತ್ತ ಬೆಳೆಯುತ್ತಾನೆ. "ಕೊನೆಗೂ ಭೂಮಿತಾಯಿಯ ಕಡೆಗೆ ಬಂದೆಯಲ್ಲಪ್ಪಾ, ಇದು ಜೂಜಲ್ಲ" ಎಂದು ನಾನು ಒಮ್ಮೆ ಸಂತೋಷಪಟ್ಟಿದ್ದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಗಿ, ತುಂಬಿದ ಜಲಾಶಯದ ನೀರು ನದಿಗೆ ಸುರಿಯತೊಡಗಿದಾಗ ಅವನಿಗೆ ಫೋನು ಮಾಡಿದೆ. ನಾಟಿ ಮುಗಿದಿತ್ತು.

"ಭತ್ತ ಹಾಕೋದೂ ಜೂಜೇ ಸಾರ್" ಎಂದನು. "ಆದ್ರ ಸೋತರ ಗದ್ದೆ ಇರ್ತೈತಿ."

ಒಂದು ವಾರದಲ್ಲಿ ತಾತ್ಕಾಲಿಕ ತಡೆಗೇಟನ್ನು ಇಳಿಸಿದರು. ಮಳೆಯೂ ಕೈಬಿಡಲಿಲ್ಲ, ಜಲಾಶಯ ಮತ್ತೆ ತುಂಬಿತು. ಆ ಸುಗ್ಗಿಯ ನಂತರ ಅವನ ಮನೆಯಿಂದ ಅರ್ಧ ಚೀಲ ಅಕ್ಕಿ ಬಂದಿತು. ಚೀಲದೊಳಗೊಂದು ಚೀಟಿಯಿತ್ತು. ಅದರಲ್ಲಿ ಅವನ ಮಗಳು ಶಾಲೆಗಾಗಿ ಬಿಡಿಸಿದ ಕರ್ನಾಟಕದ ನಕ್ಷೆ. 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯ ಗಡಿಯನ್ನು ಅವಳು ತಪ್ಪಿಲ್ಲದೆ ಎಳೆದಿದ್ದಳು.