ಜೋಳದ ನಾಡಿನ ಹುಳಿಗಡಿಗೆ

ಕಲಬುರಗಿಯಿಂದ ವಾಯವ್ಯಕ್ಕೆ ಸುಮಾರು 40 ಕಿಲೋಮೀಟರ್ ಸಾಗಿದರೆ ಆಳಂದ. ಎಳ್ಳಮಾವಾಸ್ಯೆಯ ದಿನ ಆ ದಾರಿ ಹಿಡಿದವರಿಗೆ ಹಳ್ಳಿಗಳೆಲ್ಲ ಬರಿದಾದಂತೆ ತೋರುತ್ತವೆ. ಮನೆಮಂದಿಯೆಲ್ಲ ಬಂಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಹೊಲ ಸೇರಿರುತ್ತಾರೆ. ಹಿಂಗಾರಿ ಜೋಳ ಹಸುರಾಗಿ ನಿಂತಿರುತ್ತದೆ. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಗೆ ಚರಗ ಚೆಲ್ಲಿ, ಎಲ್ಲರೂ ಮರದ ನೆರಳಿನಲ್ಲಿ ಊಟಕ್ಕೆ ಕುಳಿತುಕೊಳ್ಳುತ್ತಾರೆ. ಸಜ್ಜೆರೊಟ್ಟಿಯೊಡನೆ ಭಜ್ಜಿ ಬರುತ್ತದೆ. ಇದು ಎಣ್ಣೆಯಲ್ಲಿ ಕರಿದ ತಿಂಡಿಯಲ್ಲ, ಕಾಳು, ಸೊಪ್ಪು, ತರಕಾರಿಗಳನ್ನು ಕೂಡಿಸಿ ಬೇಯಿಸಿದ ಪಲ್ಯ. ಊಟದ ಬಳಿ ಬಾಯಿಗೆ ಬಟ್ಟೆ ಕಟ್ಟಿದ ಮಣ್ಣಿನ ಗಡಿಗೆಯೊಂದಿರುತ್ತದೆ. ಅದರಲ್ಲಿರುವುದು ಜೋಳದ ಅಂಬಲಿ.

ಇತ್ತ ಬೆಂಗಳೂರಿನ ಪಾನಗೃಹಗಳಲ್ಲಿ ಗಾಜಿನ ಗೋಡೆಯ ಹಿಂದೆ ಫಳಫಳಿಸುವ ಬಿಯರ್ ಹಂಡೆಗಳನ್ನು ಕಂಡ ತರುಣರಿಗೆ, ಅಂಥದೊಂದು ಸಲಕರಣೆಯನ್ನು ಮನೆಯಲ್ಲಿಯೇ ಹೂಡಬಾರದೇಕೆ ಎನಿಸುವುದುಂಟು. ಮೊಳೆಯಿಸಿದ ಧಾನ್ಯ, ಕುದಿಸುವ ಪಾತ್ರೆ, ಶೋಧಿಸುವ ಜಾಲರಿ, ಉಷ್ಣಮಾಪಕ, ಗಾಳಿ ಹೊರಹೋಗಲು ಮಾತ್ರ ದಾರಿಯಿರುವ ಜಾಡಿ - ಇಷ್ಟಿದ್ದರೆ ಆರಂಭವಾಯಿತು. ಆದರೆ 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಕಾಯಿದೆಯ ತಂಟೆಯಿಲ್ಲದೆ ಧಾನ್ಯವನ್ನು ಹುದುಗಿಸುವ ವಿದ್ಯೆ ಬೇಕಾದವರು ಆಳಂದ, ಅಫಜಲಪುರ, ಜೇವರ್ಗಿಗಳ ಅಡುಗೆಮನೆಯನ್ನು ಹೊಗಬೇಕು.

ಅಲ್ಲಿಯ ಸಲಕರಣೆ ಅತ್ಯಲ್ಪ. ರಾತ್ರಿ ಜೋಳದ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ಗಡಿಗೆಯಲ್ಲಿಟ್ಟರೆ ಬೆಳಗಿನ ಹೊತ್ತಿಗೆ ಹುಳಿ ಬಂದಿರುತ್ತದೆ. ಅದನ್ನು ಕುದಿಯುವ ನೀರಿಗೆ ಸುರಿದು, ಗಂಟಾಗದಂತೆ ತಿರುವಿ, ಉಪ್ಪು ಹಾಕಿ ತೆಳ್ಳಗೆ ಕಾಯಿಸಿ, ಆರಿದ ಮೇಲೆ ಮತ್ತೆ ಮಜ್ಜಿಗೆ ಬೆರೆಸುತ್ತಾರೆ. ಜಜ್ಜಿದ ಬೆಳ್ಳುಳ್ಳಿ, ಜೀರಿಗೆ ಅವರವರ ರುಚಿಗೆ ಬಿಟ್ಟದ್ದು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಈ ನೆಲದಲ್ಲಿ ಹುಳಿ ಬೇಗನೆ ಏರುತ್ತದೆ. ಚಳಿಗಾಲದಲ್ಲಿ ಗಡಿಗೆಯನ್ನು ಒಲೆಯ ಮಗ್ಗುಲಿಗೆ ಸರಿಸಬೇಕಾಗುತ್ತದೆ. ಉಷ್ಣಮಾಪಕದ ಕೆಲಸವನ್ನು ಮನೆಯ ಹಿರಿಯಳ ಅಂಗೈ ಮತ್ತು ಮೂಗು ಮಾಡುತ್ತವೆ.

ಹಾಗಾದರೆ ಈ ಜೋಳ ಬಿಯರ್ ಏಕೆ ಆಗಲಿಲ್ಲ? ಆಗಲಾರದ್ದೇನಲ್ಲ. ಆಫ್ರಿಕ ಖಂಡದಲ್ಲಿ ಇದೇ ಜೋಳದಿಂದ ಮನೆಮನೆಯಲ್ಲಿ ಬಿಯರ್ ಕಾಯಿಸುತ್ತಾರೆ. ಬುರ್ಕಿನಾ ಫಾಸೊ ದೇಶದ 'ದೋಲೊ' ಎಂಬ ಪಾನೀಯ ಹೆಂಗಸರ ಕೈಯಲ್ಲಿಯೇ ಉಳಿದಿರುವ ಕಸುಬು. ನೈಜೀರಿಯ 1988ರಲ್ಲಿ ಬಾರ್ಲಿ ಮಾಲ್ಟಿನ ಆಮದನ್ನು ನಿಷೇಧಿಸಿದಾಗ ಅಲ್ಲಿಯ ದೊಡ್ಡ ಕಾರ್ಖಾನೆಗಳೂ ಜೋಳಕ್ಕೆ ಹೊರಳಿದವು.

ಅಂತರವಿರುವುದು ಒಂದು ಮೊಳಕೆಯಲ್ಲಿ. ನೆನೆದ ಕಾಳು ಮೊಳೆಯುವಾಗ ಅದರೊಳಗೆ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಆ ಸಕ್ಕರೆಯನ್ನು ಉಂಡ ಯೀಸ್ಟು ಮದ್ಯಸಾರವನ್ನು ಕೊಡುತ್ತದೆ. ಅಂಬಲಿಯ ಹಿಟ್ಟು ಮೊಳೆಯದ ಕಾಳಿನದು. ಅದರಲ್ಲಿ ಮೇಲುಗೈಯಾಗುವುದು ಮೊಸರಿನ ಬಳಗದ ಸೂಕ್ಷ್ಮಾಣುಗಳು. ಕೆಲಸದ ಸರದಿಯೂ ತಿರುವುಮುರುವು: ಬಿಯರಿನಲ್ಲಿ ಕುದಿ ಮೊದಲು, ಹುದುಗು ಅನಂತರ, ಅಂಬಲಿಯಲ್ಲಿ ಹುಳಿ ಮೊದಲು, ಕುದಿ ಅನಂತರ. ಒಂದೇ ಕಾಳು ಒಂದು ಕಡೆ ಸಂತೆಯ ಸಂಜೆಗೆ ಒದಗಿತು. ಇನ್ನೊಂದು ಕಡೆ ಹೊಲದ ಮಧ್ಯಾಹ್ನಕ್ಕೆ.

ಆಳಂದ ಸೀಮೆಯ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ದತ್ತನು ಮಧ್ಯಾಹ್ನ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆಯಿಂದ ಯಾತ್ರಿಕರು ಅಲ್ಲಿ ಮಾಧುಕರಿ ಬೇಡುವರು. ಊರ ಸುತ್ತಣ ಭೂಮಿ ಮಾತ್ರ ಬದಲಾಗಿದೆ. ಭೀಮೆಯ ನೀರು ಹಾಯುವಲ್ಲೆಲ್ಲ ಕಬ್ಬು ಏರಿದೆ. ಕಬ್ಬಿನಿಂದ ಸಕ್ಕರೆ, ಸಕ್ಕರೆಯ ಶೇಷವಾದ ಕಾಕಂಬಿಯಿಂದ ಮದ್ಯಸಾರ. ಜೋಳ ಹಿಡಿಯದೆ ಬಿಟ್ಟ ದಾರಿಯನ್ನು ಅದರ ನೆಲಕ್ಕೆ ಬಂದ ಬೆಳೆ ಹಿಡಿದಿದೆ. ಕಲಬುರಗಿಯಿಂದ ದಕ್ಷಿಣಕ್ಕೆ ಭೀಮೆಯ ಸೇತುವೆ ದಾಟಿ ಜೇವರ್ಗಿಗೆ ಹೋದರೆ ಹತ್ತಿ, ತೊಗರಿಗಳ ವಿಸ್ತಾರ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಹಣ ತರುವ ಬೆಳೆಯನ್ನು ಬಿಡಿರೆಂದು ರೈತನಿಗೆ ಹೇಳುವವರಾರು?

ಮದ್ಯದ ಕಥೆಯೂ ಈ ಸೀಮೆಗೆ ಹೊಸದಲ್ಲ. ನಿಜಾಮರ ಕಾಲದಲ್ಲಿ ಸೇಂದಿ, ಸಾರಾಯಿಗಳ ಅಬಕಾರಿ ಬೊಕ್ಕಸದ ದೊಡ್ಡ ಆದಾಯವಾಗಿತ್ತು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಮದ್ಯನಿಷೇಧ ಬೇಡಿ ಹಳ್ಳಿಯ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರು. ಕೂಲಿಯ ದುಡ್ಡು ಮನೆಗೆ ಬಾರದ ಸಂಜೆ ಎಂಥದೆಂಬುದನ್ನು ಬಲ್ಲವರು ಅವರು. ಅಂಥ ಮನೆಯಲ್ಲಿಯೂ ಮರುದಿನ ಮಕ್ಕಳ ಹೊಟ್ಟೆಗೆ ಆಧಾರವಾಗುವುದು ಒಂದು ಹಿಡಿ ಹಿಟ್ಟಿನಿಂದ ಗಡಿಗೆ ತುಂಬುವ ಅಂಬಲಿಯೇ.

ಗಡಿಗೆಗೂ ಸುಧಾರಣೆ ಬಂದಿದೆ. ಬೀಸುಕಲ್ಲಿನ ಸ್ಥಾನಕ್ಕೆ ಗಿರಣಿ ಬಂದು ಹೆಂಗಸರ ರಟ್ಟೆಗೆ ಬಿಡುವು ಕೊಟ್ಟಿತು. ಹುಳಿ ಪದಾರ್ಥಕ್ಕೆ ಕಲಾಯಿಯಿಲ್ಲದ ಹಿತ್ತಾಳೆ ಆಗದು. ಸ್ಟೀಲಿಗೆ ಆ ಅಂಜಿಕೆಯಿಲ್ಲ. ಆದರೆ ಸ್ಟೀಲು ಬೆವರುವುದಿಲ್ಲ. ಮಣ್ಣಿನ ಗಡಿಗೆಯ ಮೈಯಿಂದ ಜಿನುಗಿದ ನೀರು ಆರುತ್ತ ಒಳಗಿನದನ್ನು ತಂಪಾಗಿಡುತ್ತದೆ. ಆದುದರಿಂದಲೇ ಹುಳಿಯಿಡುವುದು ಸ್ಟೀಲಿನಲ್ಲಾದರೂ ಹೊಲಕ್ಕೆ ಒಯ್ಯುವುದು ಗಡಿಗೆಯಲ್ಲಿ ಎನ್ನುವ ಜಾಣೆಯರಿದ್ದಾರೆ.

"ಹುಳಿ ತೀರಸಬ್ಯಾಡವ್ವ, ಒಂದ್ ಸೌಟು ಉಳಿಸು" ಎಂಬುದು ಸೊಸೆಗೆ ಅತ್ತೆ ಹೇಳುವ ಮಾತು. ಉಳಿಸಿದ ಆ ಸೌಟೇ ನಾಳಿನ ಹಿಟ್ಟನ್ನು ಎಬ್ಬಿಸುತ್ತದೆ. ಮರೆತು ತೀರಿಸಿದವಳು ನೆರೆಮನೆಯಿಂದ ತರುತ್ತಾಳೆ. ನೆರೆಮನೆಯಲ್ಲಿಯೂ ಜೋಳದ ಚೀಲ ಬರಿದಾಗದಿರುವವರೆಗೆ ಈ ಸಾಲ ನಡೆಯುತ್ತದೆ.