ಅಡಿಕೆಗೆ ಹೋದ ಮಾನ

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹಿರಿಯರು ಹೇಳಿದ್ದು ಮನುಷ್ಯರನ್ನು ಕುರಿತು. ಆದರೆ ಅಂಗಡಿಯ ಸಾಮಾನಿಗೂ ಆ ಮಾತು ಚೆನ್ನಾಗಿ ಒಪ್ಪುತ್ತದೆ. ಹಾಲು ಕಾಯಿಸುವ ಹೊತ್ತಿಗೆ ಒಮ್ಮೆ ಕೈಕೊಟ್ಟ ಸ್ಟೌವಿನ ಹೆಸರನ್ನು ಗೃಹಿಣಿಯಾದವಳು ಇಪ್ಪತ್ತು ವರ್ಷವಾದರೂ ಮರೆಯುವುದಿಲ್ಲ. ತಾನು ಮರೆಯದಿರುವುದಷ್ಟೇ ಅಲ್ಲ, ನೆರೆಮನೆಯವಳಿಗೂ, ಮದುವೆಯಾಗಿ ಹೋಗುವ ಮಗಳಿಗೂ ಅದನ್ನು ಎಚ್ಚರಿಕೆಯ ಮಾತಾಗಿ ದಾಟಿಸುತ್ತಾಳೆ. ಕಾರ್ಖಾನೆಯವನು ಮರುವರ್ಷವೇ ತನ್ನ ತಪ್ಪನ್ನು ತಿದ್ದಿಕೊಂಡಿರಬಹುದು. ಅದನ್ನು ವಿಚಾರಿಸುವ ವ್ಯವಧಾನ ಯಾರಿಗಿದೆ? ಇಂಥ ಕೆಟ್ಟ ಹೆಸರನ್ನು ಹೊತ್ತು, ಒಂದು ದೇಶಕ್ಕೆ ದೇಶವೇ ನಗುವಂತಾಗಿ, ಕಡೆಗೆ ಹೋದ ಮಾನವನ್ನು ಮರಳಿ ಗಳಿಸಿಕೊಂಡ ಮೋಟಾರು ಕಾರೊಂದುಂಟು. ಮಧ್ಯ ಯೂರೋಪಿನ ಜೆಕ್ ನಾಡಿನಲ್ಲಿ ಹುಟ್ಟಿದ ಸ್ಕೋಡಾ ಆ ಕಾರು.

ಇಂಗ್ಲೆಂಡಿನಲ್ಲಿ ೧೯೭೦ ಹಾಗೂ ೧೯೮೦ರ ದಶಕಗಳಲ್ಲಿ ಸ್ಕೋಡಾದ ಹೆಸರೆತ್ತಿದರೆ ಸಾಕು, ನಾಲ್ವರು ಕುಳಿತ ಕಡೆ ನಗೆಯೇಳುತ್ತಿದ್ದಿತು. ಸ್ಕೋಡಾದ ಹಿಂಬದಿಯ ಗಾಜಿಗೆ ಬಿಸಿಯೇರಿಸುವ ತಂತಿಗಳನ್ನು ಏಕೆ ಅಳವಡಿಸಿದ್ದಾರೆ? ಕಾರನ್ನು ತಳ್ಳುವವರ ಕೈ ಚಳಿಗೆ ಮರಗಟ್ಟಬಾರದೆಂದು. ಸ್ಕೋಡಾದ ಬೆಲೆಯನ್ನು ಇಮ್ಮಡಿ ಮಾಡುವ ಉಪಾಯವೇನು? ಅದಕ್ಕೆ ಪೆಟ್ರೋಲು ತುಂಬಿಸುವುದು. ಇಂಥವು ಶಾಲೆಯ ಹುಡುಗರಿಂದ ಹಿಡಿದು ರಂಗದ ಮೇಲಿನ ವಿದೂಷಕರವರೆಗೆ ಎಲ್ಲರ ನಾಲಿಗೆಯ ಮೇಲೂ ಇದ್ದುವು. ಹಾಸ್ಯ ಹೇಳುವವನು ಸ್ಕೋಡಾವನ್ನು ಓಡಿಸಿರಬೇಕೆಂಬ ನಿಯಮವೇನೂ ಇರಲಿಲ್ಲ. ಹೆಸರು ಗೊತ್ತಿದ್ದರೆ ಸಾಕಾಗಿತ್ತು.

ಆ ಹೆಸರಿನದೂ ಒಂದು ಕಥೆ. ಜೆಕ್ಕರು ಅದನ್ನು ‘ಶ್ಕೋಡಾ’ ಎಂದು ಉಚ್ಚರಿಸುತ್ತಾರೆ. ಅವರ ಭಾಷೆಯಲ್ಲಿ ಆ ಪದಕ್ಕೆ ನಷ್ಟವೆಂದೂ, ‘ಅಯ್ಯೋ ಪಾಪ’ ಎಂದೂ ಅರ್ಥ! ಹಾಗೆಂದು ಕಾರಿಗೆ ಆ ಹೆಸರನ್ನಿಟ್ಟವರು ಬುದ್ಧಿಗೇಡಿಗಳಲ್ಲ. ಅದು ಪಿಲ್ಸೆನ್ ನಗರದಲ್ಲಿ ಭಾರಿ ಯಂತ್ರಗಳ ಕಾರ್ಖಾನೆಯನ್ನು ಬೆಳೆಸಿದ ಎಮಿಲ್ ಸ್ಕೋಡಾ ಎಂಬ ಎಂಜಿನಿಯರನ ಮನೆತನದ ಹೆಸರು. ಅವನು ೧೯೦೦ರಲ್ಲಿಯೇ ತೀರಿಕೊಂಡನು. ತನ್ನ ಹೆಸರು ಹೊತ್ತ ಕಾರನ್ನು ಕಾಣುವ ಭಾಗ್ಯವಾಗಲಿ, ಆ ಕಾರಿನ ಮೇಲಿನ ನಗೆಹನಿಗಳನ್ನು ಕೇಳುವ ದೌರ್ಭಾಗ್ಯವಾಗಲಿ ಅವನಿಗೆ ಒದಗಲಿಲ್ಲ.

ಕಾರಿನ ನಿಜವಾದ ತವರು ಪ್ರಾಗ್ ನಗರದ ಈಶಾನ್ಯಕ್ಕಿರುವ ಮ್ಲಾದಾ ಬೊಲೆಸ್ಲಾವ್ ಎಂಬ ಊರು. ಅಲ್ಲಿ ವಾಕ್ಲಾವ್ ಕ್ಲೆಮೆಂಟ್ ಎಂಬ ಪುಸ್ತಕದ ವ್ಯಾಪಾರಿಯಿದ್ದನು. ಆಸೆಯಿಂದ ಕೊಂಡಿದ್ದ ಜರ್ಮನ್ ಬೈಸಿಕಲ್ಲು ಕೆಟ್ಟಿತು. ಅವನು ತಯಾರಕರ ಶಾಖೆಗೆ ತನ್ನ ತಾಯ್ನುಡಿಯಾದ ಜೆಕ್ ಭಾಷೆಯಲ್ಲಿ ದೂರು ಬರೆದನು. ಉತ್ತರ ಬೇಕಾದರೆ ತಮಗೆ ಅರ್ಥವಾಗುವ ಭಾಷೆಯಲ್ಲಿ ಬರೆಯಬೇಕೆಂಬ ಉದ್ಧಟತನದ ಜವಾಬು ಬಂದಿತು. ಜೆಕ್ ನಾಡು ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಅಧೀನದಲ್ಲಿದ್ದು, ಅಧಿಕಾರವೂ ವ್ಯಾಪಾರವೂ ಬಹುಮಟ್ಟಿಗೆ ಜರ್ಮನ್ ಮಾತಾಡುವವರ ಕೈಯಲ್ಲಿದ್ದ ಕಾಲ. ತನ್ನ ಊರಿನಲ್ಲಿ ನಿಂತು ತನ್ನ ಮಾತಿನಲ್ಲಿ ದೂರಿದವನಿಗೆ ಹೀಗಾದಾಗ ಎಷ್ಟು ನೊಂದಿರಬೇಕೆಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕ್ಲೆಮೆಂಟ್ ಎರಡನೆಯ ಪತ್ರವನ್ನು ಬರೆಯಲಿಲ್ಲ. ವಾಕ್ಲಾವ್ ಲೌರಿನ್ ಎಂಬ ಯಂತ್ರಕುಶಲಿಯನ್ನು ಜೊತೆಗೂಡಿ ೧೮೯೫ರಲ್ಲಿ ತಾನೇ ಬೈಸಿಕಲ್ಲಿನ ಕಾರ್ಯಾಗಾರವನ್ನು ತೆರೆದನು. ತಮ್ಮ ಬೈಸಿಕಲ್ಲುಗಳಿಗೆ ಅವರು ಇಟ್ಟ ಹೆಸರು ‘ಸ್ಲಾವಿಯಾ’.

ಬೈಸಿಕಲ್ಲಿನಿಂದ ೧೮೯೯ರಲ್ಲಿ ಮೋಟಾರು ಸೈಕಲ್ಲಿಗೂ, ೧೯೦೫ರಲ್ಲಿ ಕಾರಿಗೂ ಕೈಯಿಟ್ಟರು. ೧೯೨೫ರಲ್ಲಿ ಈ ಸಂಸ್ಥೆ ಪಿಲ್ಸೆನ್ನಿನ ಸ್ಕೋಡಾ ಕಾರ್ಖಾನೆಯೊಡನೆ ವಿಲೀನವಾಯಿತು. ಎರಡನೆಯ ಮಹಾಯುದ್ಧಕ್ಕೆ ಮುನ್ನ ಸ್ಕೋಡಾ ಎಂದರೆ ಯೂರೋಪಿನ ಗೌರವಸ್ಥ ಕಾರುಗಳಲ್ಲೊಂದು. ನಗುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.

ಹಾಗಿದ್ದರೆ ಕೆಟ್ಟದ್ದು ಎಲ್ಲಿ? ಯುದ್ಧಾನಂತರ ಕಾರ್ಖಾನೆ ರಾಷ್ಟ್ರೀಕರಣವಾಯಿತು. ೧೯೪೮ರಲ್ಲಿ ದೇಶ ಕಮ್ಯುನಿಸ್ಟರ ಕೈಸೇರಿತು. ಎಷ್ಟು ಕಾರು, ಎಂಥ ಕಾರು, ಯಾವ ಬೆಲೆ ಎಂಬುದೆಲ್ಲವೂ ಯೋಜನಾ ಇಲಾಖೆಯ ಕಡತಗಳಲ್ಲಿ ತೀರ್ಮಾನವಾಗತೊಡಗಿತು. ೧೯೬೪ರಲ್ಲಿ ಬಂದ ‘೧೦೦೦ ಎಂ.ಬಿ.’ ಎಂಬ ಕಾರು ತನ್ನ ಕಾಲಕ್ಕೆ ಕಳಪೆಯದಾಗಿರಲಿಲ್ಲ. ಎಂಜಿನ್ನು ಹಿಂಬದಿಯಲ್ಲಿರುವುದು ಆಗ ಅನೇಕ ಸಣ್ಣ ಕಾರುಗಳಿಗೆ ಸಾಮಾನ್ಯ ಪದ್ಧತಿ. ಆದರೆ ಉಳಿದವರೆಲ್ಲರೂ ಎಂಜಿನ್ನನ್ನು ಮುಂದಕ್ಕೆ ತಂದು, ಮುಂಗಾಲಿಗಳಿಂದಲೇ ಕಾರನ್ನು ಎಳೆಸುವ ವಿಧಾನಕ್ಕೆ ತಿರುಗಿದ ಮೇಲೆಯೂ ಸ್ಕೋಡಾ ಹಳೆಯ ದಾರಿಯಲ್ಲಿಯೇ ನಿಂತಿತು. ಬಾಲದಲ್ಲಿ ಭಾರ ಹೊತ್ತ ಕಾರು ಮಳೆಯಲ್ಲಿ ನೆನೆದ ತಿರುವಿನಲ್ಲಿ ಹಿಂಬದಿಯನ್ನು ಪಕ್ಕಕ್ಕೆ ಬೀಸುತ್ತದೆ, ಅಭ್ಯಾಸವಿಲ್ಲದವನು ಗಾಬರಿಗೊಳ್ಳುತ್ತಾನೆ. ಮ್ಲಾದಾ ಬೊಲೆಸ್ಲಾವಿನ ಎಂಜಿನಿಯರುಗಳಿಗೆ ಇದು ತಿಳಿಯದೆ ಇರಲಿಲ್ಲ. ಮುಂಬದಿ ಎಂಜಿನ್ನಿನ ಮಾದರಿಗಳನ್ನು ಅವರು ಕಟ್ಟಿಯೂ ಇದ್ದರು. ಹಣ ಮಂಜೂರು ಮಾಡಬೇಕಾದವರು ಮಾಡಲಿಲ್ಲ, ಅಷ್ಟೆ.

ಕಾರ್ಖಾನೆಯ ಒಳಗಿನ ಸ್ಥಿತಿಯೂ ಹೇಳಿಕೊಳ್ಳುವಂತಿರಲಿಲ್ಲ. ಬಿಡಿಭಾಗಗಳನ್ನು ಒದಗಿಸುವವರಿಗೆ ಪೈಪೋಟಿಯ ಭಯವಿಲ್ಲ. ದುಡಿಯುವ ಕೈಗಳು ಸಾಲದೆ ಸೆರೆಮನೆಯ ಕೈದಿಗಳನ್ನೂ ತಂದು ಕೆಲಸಕ್ಕೆ ಹಚ್ಚುತ್ತಿದ್ದರು. ಬಲವಂತಕ್ಕೆ ತಿರುಗಿಸಿದ ಬೋಲ್ಟು ಎಷ್ಟು ಬಿಗಿಯಾಗಿದ್ದೀತು? ಇನ್ನು ಸ್ವದೇಶದ ಗಿರಾಕಿಯೋ, ಹೆಸರು ಬರೆಸಿ ವರ್ಷಗಟ್ಟಲೆ ಕಾಯುವವನು. ಅಷ್ಟು ಕಾದು ಪಡೆದ ಕಾರಿನಲ್ಲಿ ಒಂದೆರಡು ಕೊರತೆಗಳಿದ್ದರೆ ತಾನೇ ರಿಪೇರಿ ಮಾಡಿಕೊಂಡು ಸುಮ್ಮನಿರುತ್ತಿದ್ದನು. ಅದೇ ಕಾರನ್ನು ವಿದೇಶೀ ವಿನಿಮಯದ ಆಸೆಯಿಂದ ಇಂಗ್ಲೆಂಡಿಗೆ ಕಳುಹಿಸಿ, ಉಳಿದ ಕಾರುಗಳಿಗಿಂತ ಬಹಳ ಅಗ್ಗಕ್ಕೆ ಮಾರಿದರು. ತನ್ನೂರಿನಲ್ಲಿ ಮನೆಯ ಭಾಗ್ಯವೆನಿಸಿದ ಕಾರು ಪರವೂರಿನಲ್ಲಿ ಬೀದಿಯ ಗೇಲಿಯಾಯಿತು. ಅಲ್ಲಿ ಅದನ್ನು ಕೊಂಡವರು ಬಹುಮಟ್ಟಿಗೆ ಪಿಂಚಣಿದಾರರು, ಸಣ್ಣ ಸಂಬಳದವರು. ಹೊಸ ಕಾರೆಂಬುದು ಬೇರೆ ರೀತಿಯಲ್ಲಿ ಎಟುಕದವರು. ಅಪಹಾಸ್ಯ ಮೇಲುನೋಟಕ್ಕೆ ಕಾರಿನ ಮೇಲಾದರೂ ಅದರ ಅರ್ಧ ಪಾಲು ಅವರ ಜೇಬಿನ ಮೇಲಿನದೇ ಆಗಿದ್ದಿತು. ಈ ಕಾರನ್ನೇ ಆಧರಿಸಿದ ಪಂದ್ಯದ ಕಾರೊಂದು ೧೯೭೭ರ ಮಾಂಟೆ ಕಾರ್ಲೋ ರ‍್ಯಾಲಿಯಲ್ಲಿ ತನ್ನ ವರ್ಗದ ಮೊದಲ ಸ್ಥಾನವನ್ನು ಗೆದ್ದಿತೆಂಬ ಸಂಗತಿ ನಗುವವರ ಕಿವಿಗೆ ಬೀಳಲೇ ಇಲ್ಲ.

ಅಂತೂ ೧೯೮೭ರಲ್ಲಿ ಮುಂಬದಿ ಎಂಜಿನ್ನಿನ ‘ಫೇವರಿಟ್’ ಹೊರಬಂದಿತು; ಇಟಲಿಯ ಬೆರ್ತೋನೆ ಸಂಸ್ಥೆ ಅದರ ಮೈಕಟ್ಟನ್ನು ರೂಪಿಸಿದ್ದಿತು. ಎರಡು ವರ್ಷ ಕಳೆಯುವಷ್ಟರಲ್ಲಿ, ೧೯೮೯ರ ನವೆಂಬರಿನಲ್ಲಿ, ರಕ್ತ ಹರಿಯದ ಕ್ರಾಂತಿಯೊಂದು ಕಮ್ಯುನಿಸ್ಟ್ ಆಳ್ವಿಕೆಯನ್ನು ಕೊನೆಗಾಣಿಸಿತು. ಹೊಸ ಸರ್ಕಾರ ಕಾರ್ಖಾನೆಗೆ ವಿದೇಶೀ ಪಾಲುದಾರರನ್ನು ಹುಡುಕಿತು. ಫ್ರಾನ್ಸಿನ ರೆನೋ, ಜರ್ಮನಿಯ ಫೋಕ್ಸ್‌ವ್ಯಾಗನ್ ಎರಡೂ ಮುಂದೆ ಬಂದುವು. ೧೯೯೦ರ ಡಿಸೆಂಬರಿನಲ್ಲಿ ಫೋಕ್ಸ್‌ವ್ಯಾಗನ್ನಿನ ಆಯ್ಕೆಯಾಯಿತು. ಮರುವರ್ಷ ಪಾಲುದಾರಿಕೆ ಜಾರಿಗೆ ಬಂದಿತು. ಸ್ಕೋಡಾ ಎಂಬ ಹೆಸರನ್ನು ಅಳಿಸದೆ ಉಳಿಸುವುದಾಗಿ ಅವರು ಕೊಟ್ಟ ಮಾತಿಗೆ ಈ ಆಯ್ಕೆಯಲ್ಲಿ ಬಹಳ ತೂಕವಿದ್ದಿತು. ಜರ್ಮನ್ ಶಾಖೆಯವರ ಜವಾಬಿಗೆ ಸಿಟ್ಟಾಗಿ ಹುಟ್ಟಿದ ಕಾರ್ಖಾನೆ ಜರ್ಮನರ ಕೈಸೇರಿದ್ದನ್ನು ಕ್ಲೆಮೆಂಟನು ಕಂಡಿದ್ದರೆ ಏನೆನ್ನುತ್ತಿದ್ದನೋ!

ಅಂತೂ ಗಾದೆಯ ಆನೆ ಬಾಗಿಲಿಗೆ ಬಂದಿತು. ಆದರೆ ಹಣವೊಂದರಿಂದ ಗುಣ ಬರುವುದಿಲ್ಲವಲ್ಲ. ಮುಖ್ಯ ಹುದ್ದೆಗಳಲ್ಲಿ ಒಬ್ಬ ಜೆಕ್ ಅಧಿಕಾರಿಯನ್ನೂ ಹೊರಗಿನಿಂದ ಬಂದ ಒಬ್ಬ ಪರಿಣತನನ್ನೂ ಜೋಡಿಯಾಗಿ ಕೂರಿಸಿದರು. ಎರಡು ಎತ್ತಿಗೆ ಒಂದೇ ನೊಗ. ಹೊರಗಿನವನು ವಿಧಾನವನ್ನು ಕಲಿಸಬೇಕು, ಊರಿನವನು ಊರನ್ನು ಕಲಿಸಬೇಕು. ಜಗ್ಗಾಟವಿಲ್ಲದೆ ಇದು ನಡೆಯಲಿಲ್ಲ. ಸಂಬಳದ ಅಂತರವೇ ಸಾಕಷ್ಟು ಮನಸ್ತಾಪವನ್ನು ತಂದಿತು. ಬಿಡಿಭಾಗ ಒದಗಿಸುವವರಿಗೆ ಹೊಸ ಅಳತೆಗೋಲು ಬಂದಿತು. ಅದಕ್ಕೆ ನಿಲ್ಲಲಾರದವರು ಬದಿಗೆ ಸರಿಯಬೇಕಾಯಿತು. ೧೯೯೪ರಲ್ಲಿ ಫೇವರಿಟ್ಟನ್ನೇ ಅಡಿಯಿಂದ ಮುಡಿಯವರೆಗೆ ತಿದ್ದಿ ‘ಫೆಲಿಸಿಯಾ’ ಎಂದು ಹೊರತಂದರು.

ನಿಜವಾದ ಹೊಸ ಹುಟ್ಟು ೧೯೯೬ರ ‘ಒಕ್ಟಾವಿಯಾ’. ಫೋಕ್ಸ್‌ವ್ಯಾಗನ್ನಿನ ಗಾಲ್ಫ್ ಕಾರಿಗೆ ಇಡುತ್ತಿದ್ದ ಅಡಿಪಾಯವನ್ನೇ ಇದಕ್ಕೂ ಇಟ್ಟರು. ಅದನ್ನು ಜೋಡಿಸಲು ಮ್ಲಾದಾ ಬೊಲೆಸ್ಲಾವಿನಲ್ಲಿ ಗುಂಟರ್ ಹೆನ್ ಎಂಬ ವಾಸ್ತುಶಿಲ್ಪಿ ರೂಪಿಸಿದ ಹೊಸ ಕಟ್ಟಡವೆದ್ದಿತು. ಸಾಮಾನ್ಯವಾಗಿ ಕಾರ್ಖಾನೆಗಳಲ್ಲಿ ಸಾಹೇಬರ ಕಚೇರಿ ಒಂದು ಕಡೆ, ಎಣ್ಣೆಯ ಜಿಡ್ಡಿನ ಕೆಲಸ ಇನ್ನೊಂದು ಕಡೆ. ಹೆನ್ ಕಚೇರಿಗಳನ್ನು ಬೆನ್ನುಮೂಳೆಯಂತೆ ಜೋಡಣೆಯ ಸಾಲುಗಳ ನಡುವೆಯೇ ತಂದಿಟ್ಟನು. ಬಾಗಿಲೊಂದು ಸರಿಯಾಗಿ ಕೂರದಿದ್ದರೆ ಅದರ ನಕ್ಷೆ ಬರೆದವನು ನಾಲ್ಕು ಹೆಜ್ಜೆ ನಡೆದು ಬಂದು ಕಣ್ಣಾರೆ ನೋಡಬೇಕು. ಚೀಟಿ ಬರೆದು ಜವಾಬಿಗೆ ಕಾಯುವ ಪದ್ಧತಿಗೆ ಅಲ್ಲಿ ಎಡೆಯಿರಲಿಲ್ಲ. ಗುಣಮಟ್ಟವೆಂಬ ಭಾರಿ ಮಾತಿನ ಹಿಂದೆ ಇಂಥ ಸಣ್ಣ ನಡಿಗೆಗಳೇ ಹೆಚ್ಚಾಗಿರುತ್ತವೆಯೆಂದು ತೋರುತ್ತದೆ.

ಇಲ್ಲಿಗೆ ಕಾರು ಸರಿಹೋಯಿತು. ಮಾನವೋ? ಅದು ಹೋದಲ್ಲಿಯೇ ಇದ್ದಿತು. ಒಕ್ಟಾವಿಯಾ ಇಂಗ್ಲೆಂಡಿಗೆ ಹೋದಾಗ ಬಲ್ಲವರು ಮೆಚ್ಚಿ ಬರೆದರು, ಗಿರಾಕಿಗಳು ಬರಲಿಲ್ಲ. ಕಾರನ್ನು ಹೊಗಳುವ ಜಾಹೀರಾತುಗಳು ನಿಷ್ಪ್ರಯೋಜಕವಾದುವು. ಒಳ್ಳೆಯ ಕಾರೆಂದು ಒಪ್ಪಿದವನಿಗೂ ನೆರೆಯವರ ನಗುವಿನ ಅಂಜಿಕೆ.

ಆಗ ‘ಫಾಲನ್’ ಎಂಬ ಜಾಹೀರಾತು ಸಂಸ್ಥೆ, ೨೦೦೦ದಲ್ಲಿ ‘ಫೇಬಿಯಾ’ ಕಾರು ಬಂದ ಸಂದರ್ಭದಲ್ಲಿ, ಒಂದು ವಿಲಕ್ಷಣ ಉಪಾಯವನ್ನು ಹೂಡಿತು. ಹಾಸ್ಯವನ್ನು ಅಲ್ಲಗಳೆಯುವ ಬದಲು ಅದನ್ನೇ ಕೈಗೆತ್ತಿಕೊಂಡಿತು. ಒಂದು ಜಾಹೀರಾತಿನಲ್ಲಿ ಕಾರು ನಿಲ್ಲಿಸುವ ಸ್ಥಳದ ಕಾವಲುಗಾರ ಹೊಸ ಕಾರಿನ ಒಡೆಯನ ಬಳಿಗೆ ಬಂದು ಬಹಳ ಸಂಕೋಚದಿಂದ ಕ್ಷಮೆ ಬೇಡುತ್ತಾನೆ: ಯಾರೋ ಪುಂಡರು ಅವನ ಚೆಂದದ ಕಾರಿಗೆ ಸ್ಕೋಡಾದ ಲಾಂಛನವನ್ನು ಅಂಟಿಸಿಬಿಟ್ಟಿದ್ದಾರಂತೆ! ಇನ್ನೊಂದರಲ್ಲಿ ಕಾರ್ಖಾನೆ ನೋಡಲು ಬಂದ ಗಣ್ಯನೊಬ್ಬ ಅಲ್ಲಿಯ ಕಾರುಗಳನ್ನೆಲ್ಲ ಮೆಚ್ಚಿ, ನೀವು ಆ ತಮಾಷೆಯ ಸ್ಕೋಡಾಗಳನ್ನೂ ಮಾಡುತ್ತೀರಂತೆ ಎಂದು ಮುಗ್ಧನಾಗಿ ವಿಚಾರಿಸುತ್ತಾನೆ. ಕೊನೆಗೆ ಒಂದು ಸಾಲು: ಇದು ಸ್ಕೋಡಾ, ನಿಜವಾಗಿಯೂ. ಅಷ್ಟುಕಾಲ ನಕ್ಕವರು ಈಗಲೂ ನಕ್ಕರು. ಆದರೆ ಈ ಸಲ ನಗೆಗೀಡಾದದ್ದು ಕಾರಲ್ಲ, ಅದನ್ನು ಗುರುತಿಸಲಾರದವನು. ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುವವರನ್ನು ಇಂಗ್ಲಿಷರು ಬೇಗ ಮನ್ನಿಸುತ್ತಾರೆ. ಕಾರು ಕೆಟ್ಟದ್ದಾಗಿದ್ದ ಕಾಲದಲ್ಲಿ ಇದೇ ಜಾಹೀರಾತನ್ನು ಹಾಕಿದ್ದರೆ ಅದು ಆತ್ಮಹತ್ಯೆಯಾಗುತ್ತಿದ್ದಿತೆಂಬುದನ್ನೂ ಮರೆಯಬಾರದು.

೨೦೦೧ರಲ್ಲಿ ಒಕ್ಟಾವಿಯಾ ಭಾರತಕ್ಕೂ ಬಂದಿತು. ಅಂದು ಔರಂಗಾಬಾದ್ ಎನ್ನುತ್ತಿದ್ದ ಊರಿನಲ್ಲಿ ಅದನ್ನು ಜೋಡಿಸಿದರು. ಇಲ್ಲಿಯವರು ಇಂಗ್ಲೆಂಡಿನ ಆ ನಗೆಹನಿಗಳನ್ನು ಕೇಳಿದವರಲ್ಲ. ತೂಕದ ಬಾಗಿಲು, ಗಂಭೀರ ಮುಖ, ಮಾರುತಿ ಕೊಳ್ಳುವ ಸಂಸಾರಕ್ಕೆ ಎಟುಕದ ಬೆಲೆ—ಇಷ್ಟನ್ನು ಕಂಡು ಬೆಂಗಳೂರಿನ ಬಡಾವಣೆಗಳವರು ಅದನ್ನು ಮೊದಲ ದಿನದಿಂದಲೇ ದೊಡ್ಡವರ ಕಾರೆಂದು ಎಣಿಸಿದರು. ಅದೇ ಕಾರು, ಅದೇ ಲಾಂಛನ. ಇಂಗ್ಲೆಂಡಿನಲ್ಲಿ ಅದಕ್ಕೆ ಮೂವತ್ತು ವರ್ಷದ ನೆನಪಿನ ಹೊರೆ. ಇಲ್ಲಿ ನೆನಪೇ ಇಲ್ಲ.

೧೯೯೧ರಲ್ಲಿ ಸುಮಾರು ೧,೭೨,೦೦೦ ಕಾರುಗಳನ್ನು ತಯಾರಿಸಿದ್ದ ಸಂಸ್ಥೆ ೨೦೧೪ರಲ್ಲಿ ಮೊದಲ ಬಾರಿಗೆ ವರ್ಷಕ್ಕೆ ಹತ್ತು ಲಕ್ಷವನ್ನು ದಾಟಿತು. ೨೦೧೫ರಲ್ಲಿ ಜೆ.ಡಿ. ಪವರ್ ಸಂಸ್ಥೆ ಬ್ರಿಟನ್ನಿನ ಕಾರುಗಳ ಬಾಳಿಕೆಯನ್ನು ಪರೀಕ್ಷಿಸಿದಾಗ, ನೂರು ಕಾರುಗಳಿಗೆ ೭೭ ದೋಷಗಳೊಡನೆ ಎಲ್ಲರಿಗಿಂತ ಮೇಲೆ ನಿಂತದ್ದು, ಒಂದು ಕಾಲಕ್ಕೆ ಅಲ್ಲಿಯೇ ತಳ್ಳಿಸಿಕೊಳ್ಳುತ್ತಿದ್ದ ಸ್ಕೋಡಾ! ಆದರೆ ಅದೇ ವರ್ಷ ಫೋಕ್ಸ್‌ವ್ಯಾಗನ್ನಿನ ಡೀಸೆಲ್ ಹೊಗೆಯ ಮೋಸವೂ ಬಯಲಾಗಿ, ಆ ಎಂಜಿನ್ನುಗಳನ್ನು ಹೊತ್ತ ಸುಮಾರು ಹನ್ನೆರಡು ಲಕ್ಷ ಸ್ಕೋಡಾಗಳೂ ಸಿಕ್ಕಿಬಿದ್ದುವು. ಆನೆಯೊಡನೆ ಆನೆಯ ಕಳಂಕವೂ ಮನೆಗೆ ಬಂದಿದ್ದಿತು.

ಇತ್ತೀಚೆಗೆ, ೨೦೨೨ರಲ್ಲಿ, ಪುಣೆಯ ಬಳಿಯ ಚಾಕಣದ ಕಾರ್ಖಾನೆಯಿಂದ ಸ್ಕೋಡಾದ ಹೊಸ ಕಾರೊಂದು ಹೊರಬಿದ್ದು ನಮ್ಮ ರಸ್ತೆಗಳಿಗೂ ಬಂದಿದೆ. ಅದರ ಬೆನ್ನಿನ ಮೇಲೆ ಬರೆದಿರುವ ಹೆಸರನ್ನು ಓದುವವರು ಬಹಳ ಮಂದಿ. ಅದು ಎಲ್ಲಿಯದೆಂದು ಬಲ್ಲವರು ಕೆಲವರೇ. ಜೆಕ್ ಭಾಷೆಯಲ್ಲಿ ಬರೆದ ದೂರಿಗೆ ಉತ್ತರ ದೊರೆಯದ ಪುಸ್ತಕದ ವ್ಯಾಪಾರಿ ತನ್ನ ಮೊದಲ ಬೈಸಿಕಲ್ಲುಗಳಿಗೆ ಇಟ್ಟಿದ್ದ ಹೆಸರು ಅದು: ಸ್ಲಾವಿಯಾ.