ವೇಣೂರಿನ ದಾರಿಯಲ್ಲಿ

ಕಳೆದ ಮಾಘಮಾಸದಲ್ಲಿ ನಾವೂ ನಮ್ಮ ಬಾಲ್ಯಸ್ನೇಹಿತರೊಬ್ಬರೂ ಧರ್ಮಸ್ಥಳದಲ್ಲಿ ಸ್ವಾಮಿಯ ದರ್ಶನವನ್ನು ಮಾಡಿ, ಅಲ್ಲಿಯ ಹಳೆಯ ಕಾರುಗಳ ಸಂಗ್ರಹಾಲಯವನ್ನೂ ನೋಡಿಕೊಂಡು, ಬೆಳ್ತಂಗಡಿ, ಗುರುವಾಯನಕೆರೆಗಳ ಮಾರ್ಗವಾಗಿ ವೇಣೂರಿಗೆ ಬಂದೆವು. ನಮ್ಮ ವಾಹನವೂ ಆ ಸಂಗ್ರಹಾಲಯದಲ್ಲಿರಲು ಯೋಗ್ಯವಾದುದೇ. ಸ್ನೇಹಿತರ ಸ್ಟ್ಯಾಂಡರ್ಡ್ ಹೆರಾಲ್ಡ್. 1961ರಲ್ಲಿ ಮದರಾಸಿನಲ್ಲಿ ತಯಾರಾಗತೊಡಗಿದ ಈ ಕಾರಿಗೆ ರೂಪವನ್ನು ಕೊಟ್ಟವನು ಇಟಲಿಯ ಮಿಕೆಲೋಟ್ಟಿ. ಇದರ ಅಡಿಕಟ್ಟನ್ನೇ ಮೊಟಕುಗೊಳಿಸಿ ಇಂಗ್ಲೆಂಡಿನವರು 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಹೊರತಂದರು. ಆದಕಾರಣ ತಮ್ಮ ಗಾಡಿಯೂ ಆ ಕುಲದ್ದೇ ಎಂಬುದು ಸ್ನೇಹಿತರ ಅಭಿಮಾನ.

ವೇಣೂರಿನಲ್ಲಿ ಫಲ್ಗುಣೀ ನದಿಯ ದಡದಲ್ಲಿ, ತಿಮ್ಮಣ್ಣಾಜಿಲನು 1604ರಲ್ಲಿ ನಿಲ್ಲಿಸಿದ ಸುಮಾರು 35 ಅಡಿ ಎತ್ತರದ ಗೊಮ್ಮಟಮೂರ್ತಿಯುಂಟು. 2024ರಲ್ಲಿ ಮಹಾಮಸ್ತಕಾಭಿಷೇಕವನ್ನು ಕಂಡ ಆ ಶಾಂತಮೂರ್ತಿಯು ನಾಲ್ಕು ಶತಮಾನಗಳಿಂದ ಬಿಸಿಲುಮಳೆಗಳಿಗೆ ಮೈಯೊಡ್ಡಿ ನಿಂತಿದೆ. ಗೆದ್ದ ರಾಜ್ಯವನ್ನೇ ಬಿಟ್ಟ ಬಾಹುಬಲಿಗೆ ನೆರಳಿನ ಹಂಗೇಕೆ?

ನಮಗಾದರೋ ಅದು ಬೇಕಾಯಿತು. ಸಾಯಂಕಾಲ ಮೂಡಬಿದಿರೆಯ ಕಡೆಗೆ ಹೊರಟಾಗ ಸೂರ್ಯನು ಎದುರಿಗೇ ಇದ್ದನು. ಸ್ನೇಹಿತರು ಗಾಜಿನ ಮೇಲಿನ ಬಿಸಿಲುಮರೆಯನ್ನು ತುಸು ಎಳೆದರು. ಅದು ಪೂರ್ತಿಯಾಗಿ ಕಳಚಿಬಿದ್ದು ಅವರ ಕಣ್ಣಿಗೆ ಅಡ್ಡವಾಯಿತು. ತಿರುವಿನಲ್ಲಿ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಬರುತ್ತಿದ್ದಳು. ಗಾಡಿಯು ಅವಳಿಗೆ ಒಂದು ಮೊಳದ ಅಂತರದಲ್ಲಿ ನಿಂತಿತು. ನಮ್ಮಿಬ್ಬರಿಗೂ ಬಹಳ ಹೊತ್ತು ಮಾತು ಹೊರಡಲಿಲ್ಲ.

ಬಿಸಿಲಿನಿಂದ ಕಾಪಾಡುವುದಾದ್ದರಿಂದ ಸಂಸ್ಕೃತದಲ್ಲಿ ಕೊಡೆಗೆ ಆತಪತ್ರವೆಂದು ಹೆಸರು. ಈ ಆತಪತ್ರವಾದರೋ ಬಿಸಿಲಿಗೇ ಬಲಿಯಾಗಿತ್ತು. ಮೇಲಿನ ರೆಕ್ಸಿನ್ ಒಣಗಿ ಹೊಲಿಗೆಯಲ್ಲಿ ಹರಿದಿತ್ತು, ಸ್ಪಂಜು ಪುಡಿಯಾಗಿತ್ತು, ರಟ್ಟು ನಮ್ಮ ಸೀಮೆಯ ಮಳೆಗಾಲದ ತೇವಕ್ಕೆ ಉಬ್ಬಿತ್ತು, ಸರಳನ್ನು ಕಚ್ಚಿಹಿಡಿಯಬೇಕಾದ ತಗಡು ಸಡಿಲಾಗಿತ್ತು.

“ಇಷ್ಟು ದಿನ ಏಕೆ ಬದಲಾಯಿಸಲಿಲ್ಲ?” ಎಂದು ಕೇಳಿದೆವು.

ಸ್ನೇಹಿತರು ಸುಮ್ಮನೆ ಎಡಗಡೆಯ ಮರೆಯನ್ನು ಇಳಿಸಿದರು. ಅದರ ಮೇಲೆ ಮೂರು ಬೊಟ್ಟುಗಳು ಅಂಟಿಕೊಂಡಿದ್ದವು. ಐದು ವರ್ಷಗಳ ಹಿಂದೆ ತೀರಿಕೊಂಡ ಅವರ ಧರ್ಮಪತ್ನಿಯು ಪ್ರಯಾಣದಲ್ಲಿ ತೆಗೆದು ಅಂಟಿಸಿದವು.

“ಜೋಡಿಯಲ್ಲಿ ಒಂದನ್ನು ತೆಗೆಸಿದರೆ ಇನ್ನೊಂದನ್ನೂ ತೆಗೆಸಬೇಕಲ್ಲ, ಮಾರಾಯಾ!” ಎಂದರು.

ಮರುದಿನ ಮೂಡಬಿದಿರೆಯಲ್ಲಿ ಸೀಟು ಹೊಲಿಯುವವನೊಬ್ಬನನ್ನು ಹುಡುಕಿದೆವು. ಅವನು ಹಳೆಯ ರಟ್ಟನ್ನೇ ಅಚ್ಚಾಗಿಟ್ಟು ತೆಳುವಾದ ಪ್ಲೈವುಡ್ ಕತ್ತರಿಸಿ, ಸ್ಪಂಜನ್ನು ಅಂಟಿಸಿ, ರೆಕ್ಸಿನ್ ಹೊಲಿದು, ತಗಡನ್ನು ಬಿಗಿಮಾಡಿದನು. ಎಡಗಡೆಯದಕ್ಕೆ ಕೈಯಿಡುವಾಗ ಸ್ನೇಹಿತರ ಮುಖವನ್ನು ನೋಡಿ, “ಬೊಟ್ಟಿನ ತುಂಡನ್ನು ಹೊಸದರ ಮೇಲೆ ಹೊಲಿದುಕೊಡುತ್ತೇನೆ, ಸ್ವಾಮೀ” ಎಂದನು. ಹಾಗೆಯೇ ಮಾಡಿಕೊಟ್ಟನು.

ಹಳೆಯ ಗಾಡಿಯುಳ್ಳ ವಾಚಕರು ಮರೆಯನ್ನು ಅರ್ಧಕ್ಕೆ ಇಳಿಸಿ ಕೈಬಿಟ್ಟು ನೋಡಬೇಕು. ತಾನಾಗಿ ಜಾರಿದರೆ ದುರಸ್ತಿಗೆ ತಡಮಾಡಬಾರದು.

ಆ ಸಾಯಂಕಾಲ ಮಂಗಳೂರಿನ ದಾರಿಯಲ್ಲಿ ಹೊಸ ಮರೆಗಳೆರಡೂ ನಿಲ್ಲಿಸಿದಲ್ಲಿ ನಿಂತವು. ಸೂರ್ಯನು ಮುಳುಗಿದ ಮೇಲೆ ಸ್ನೇಹಿತರು ತಮ್ಮ ಬದಿಯದನ್ನು ಮೇಲಕ್ಕೆ ಸರಿಸಿದರು. ನಮ್ಮ ಎದುರಿಗಿದ್ದುದನ್ನು ನಾವು ಮುಟ್ಟಲಿಲ್ಲ.